ತಪ್ಪಿದವರ ಪಾಲು

ಇದಾಲ್ಮಿಸ್ ಕೂತಲ್ಲಿ ಕೂರುವ ಹೆಂಗಸಲ್ಲ. ಅನ್ನಕ್ಕೆ ನೀರಿಟ್ಟರೆ ಅದು ಕುದಿಯುವಷ್ಟರಲ್ಲಿ ಮೂರು ಸಲ ಮುಚ್ಚಳ ತೆಗೆದು ನೋಡುತ್ತಾಳೆ. ಬಸ್ಸಿಗೆ ಕಾಯುವ ಬದಲು ಮುಂದಿನ ನಿಲ್ದಾಣಕ್ಕೆ ನಡೆದುಬಿಡುತ್ತಾಳೆ, ಎರಡು ನಿಲ್ದಾಣಗಳ ನಡುವೆ ಇರುವಾಗ ಬಸ್ಸು ಅವಳ ಪಕ್ಕದಲ್ಲೇ ಹಾದುಹೋಗುತ್ತದೆ. ಅಂಥವಳ ಮನೆಯಲ್ಲಿ ಅಕ್ಟೋಬರಿನಿಂದ ಗ್ಯಾಸ್ ಇರಲಿಲ್ಲ. ಸಾಂತಿಯಾಗೊ ಊರಿನಲ್ಲಿ ಅದೇನು ಹೊಸ ಸುದ್ದಿಯಲ್ಲ, ತಿವೊಲಿ ಗುಡ್ಡದ ಅರ್ಧ ಮನೆಗಳಲ್ಲಿ ಇದ್ದಿಲೇ ಉರಿಯುತ್ತಿತ್ತು. ಆದರೆ ಆ ಮನೆಗಳಲ್ಲಿ ಎವೆಲಿಯೊ ಇರಲಿಲ್ಲ.

ಎವೆಲಿಯೊ ಅವಳ ಗಂಡ. ಅರವತ್ತೊಂದು ವರ್ಷ, ಚಿಕ್ಕಂದಿನಿಂದ ಉಬ್ಬಸ. ಮನೆಯ ಹಿಂದಿನ ಅಂಗಳಕ್ಕೆ ನಾಲ್ಕೂ ಕಡೆ ಗೋಡೆ. ಅಲ್ಲಿ ಇದ್ದಿಲು ಹಚ್ಚಿದರೆ ಹೊಗೆ ಎಲ್ಲಿಗೆ ಹೋದೀತು? ಸುತ್ತು ಹೊಡೆದು ಮಲಗುವ ಕೋಣೆಗೇ ಬರುತ್ತಿತ್ತು. ಅವಳು ಅಡುಗೆಗೆ ಕೂತರೆ ಅವನು ಕುರ್ಚಿ ಎತ್ತಿಕೊಂಡು ಬೀದಿಗೆ ಹೋಗುತ್ತಿದ್ದ. ಆದರೂ ರಾತ್ರಿಯಿಡೀ ಎದೆಯಲ್ಲಿ ಸಿಳ್ಳೆ. ಹೊಸ ವರ್ಷ ಕಳೆದು ಎರಡು ಸಲ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಾಯಿತು. ಎರಡನೇ ಸಲ ಡಾಕ್ಟರ್ ಹುಡುಗಿ ಇದಾಲ್ಮಿಸಳನ್ನು ಪಕ್ಕಕ್ಕೆ ಕರೆದು, "ಔಷಧಿ ಇದ್ದಾಗ ಕೊಡ್ತೀನಿ, ಇಲ್ದಿದ್ದಾಗ ಇಲ್ಲ. ನೀವು ಹೊಗೆ ನಿಲ್ಲಿಸಿ. ಮೂರನೇ ಸಲ ಇಲ್ಲಿ ತನಕ ಬರೋ ಅಷ್ಟು ಉಸಿರು ಇರತ್ತೆ ಅಂತ ನಾನು ಹೇಳಲ್ಲ" ಎಂದಿದ್ದಳು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ನೇರವಾಗಿ ಮಾತಾಡುವುದನ್ನು ಯಾರು ಕಲಿಸಿದರೋ.

ಹೊಗೆ ನಿಲ್ಲಬೇಕಾದರೆ ಗ್ಯಾಸ್ ಬರಬೇಕು. ಗ್ಯಾಸ್ ಬರಬೇಕಾದರೆ ಸರದಿ ಬರಬೇಕು. ಅವಳ ಸರದಿ 4,312. ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು.

ಈಗ ಸರದಿಯೆಲ್ಲ ಫೋನಿನಲ್ಲಿ. ಮೊದಲಾಗಿದ್ದರೆ ಅಂಗಡಿ ಮುಂದೆ ಹೋಗಿ "ಕೊನೆಯವರು ಯಾರು?" ಎಂದು ಕೂಗಬೇಕಿತ್ತು. ಯಾರೋ ಕೈ ಎತ್ತುತ್ತಿದ್ದರು. ಅವರ ಮುಖ ನೆನಪಿಟ್ಟುಕೊಂಡರೆ ಮುಗಿಯಿತು, ಮನೆಗೆ ಹೋಗಿ ಬಟ್ಟೆ ಒಗೆದು ಬಂದರೂ ಜಾಗ ಅಲ್ಲೇ ಇರುತ್ತಿತ್ತು. ಅಕ್ಟೋಬರಿನಲ್ಲಿ ಗ್ಯಾಸ್ ಅಂಗಡಿಯವರೇ ಒಂದು ಮೇಜು ಹಾಕಿಕೊಂಡು ಕೂತು, ಬಂದವರ ಫೋನು ಇಸಿದುಕೊಂಡು ಅದೇನೋ ಒತ್ತಿ, ನಂಬರು ಹೇಳಿ ಕಳಿಸಿದ್ದರು. ಇದಾಲ್ಮಿಸ್ ಆಗಲೂ, "ನನ್ನ ಮುಂದೆ ಯಾರು?" ಎಂದು ಕೇಳಿದ್ದಳು. ಮೇಜಿನವರೆಲ್ಲ ನಕ್ಕಿದ್ದರು. ಆಮೇಲೆ ದಿನಾ ಬೆಳಿಗ್ಗೆ ಅಂಗಡಿಯ ಮಿಗ್ದಾಲಿಯಾ ವಾಟ್ಸಾಪ್ ಗುಂಪಿನಲ್ಲಿ 'ಇಂದು ಇಷ್ಟರಿಂದ ಇಷ್ಟರವರೆಗೆ' ಎಂದು ಹಾಕುತ್ತಿದ್ದಳು. ಇದಾಲ್ಮಿಸ್ ಅದನ್ನು ನೋಡಿ, ಗೋಡೆ ನೋಡಿ, ಕಳೆಯುವ ಲೆಕ್ಕ ಮಾಡುತ್ತಿದ್ದಳು.

ತೊಂದರೆ ಏನೆಂದರೆ, ಹೆಚ್ಚಿನ ದಿನ ಆ ಸಂದೇಶ ಅವಳ ಫೋನಿಗೆ ಬರುತ್ತಲೇ ಇರಲಿಲ್ಲ. ಫೋನು ಅಮೆರಿಕಾದ ಹಾಯಲೆಯಾದಿಂದ ಚಿಕ್ಕಮ್ಮನ ಮಗಳು ಕಳಿಸಿದ್ದು, ಅಲ್ಲಿನ ಯಾವುದೋ ಫೋನ್ ಕಂಪನಿಯದು. ಅದರ ಹೊಟ್ಟೆಯಲ್ಲಿ ಅವಳು ಹಾಕದ, ಹಾಕಿ ಎಂದೂ ಕೇಳದ ಇಪ್ಪತ್ತಾರು ಸಾಮಾನು, ಆ್ಯಪ್ ಅನ್ನುತ್ತಾರಂತೆ ಅವಕ್ಕೆ. ಅಳಿಸಲು ಹೋದರೆ ಅಳಿಸುವ ಗುಂಡಿಯೇ ಇಲ್ಲ. ಅವು ಹಗಲೂ ರಾತ್ರಿ ತಮ್ಮಷ್ಟಕ್ಕೆ ಅಮೆರಿಕಾದ ಜೊತೆ ಮಾತಾಡಿಕೊಳ್ಳುತ್ತಿದ್ದವು. ತಿಂಗಳಿಗೆ ಹಾಕಿಸಿದ ನೆಟ್ಟು ಆರನೇ ದಿನಕ್ಕೆ ಖಾಲಿ. ಮಿಕ್ಕ ದಿನ ಅವಳು ಪಕ್ಕದ ಮನೆ, ಎದುರು ಮನೆ, ಔಷಧಿ ಅಂಗಡಿ ಎಂದು ಕಂಡವರ ಫೋನಿನಲ್ಲಿ ನಂಬರು ಕೇಳಿಕೊಂಡು ತಿರುಗುತ್ತಿದ್ದಳು. ಫೆಬ್ರವರಿ ಹೊತ್ತಿಗೆ ಸರದಿ ಮೂರು ಸಾವಿರದ ಒಂಬೈನೂರು ದಾಟಿತ್ತು. ಕರೆದ ದಿನ ಸಂಜೆ ಐದರೊಳಗೆ ಫೋನಿನಲ್ಲಿ 'ಬರುತ್ತೇನೆ' ಎಂದು ಒತ್ತದಿದ್ದರೆ ಸರದಿ ಹೋದ ಹಾಗೇ.

ಕೊನೆಗೆ ತಡೆಯಲಾರದೆ ನಿವಾಲ್ದೊನ ಹತ್ತಿರ ಹೋದಳು. ನಿವಾಲ್ದೊ ತನ್ನ ಮನೆಯ ಹೊಸ್ತಿಲಲ್ಲೇ ಗಾಜಿನ ಮೇಜು ಹಾಕಿಕೊಂಡು ಫೋನು ರಿಪೇರಿ ಮಾಡುವವನು. ನಲವತ್ತರ ಗಂಡಸು, ಬಾಯಿ ಜೋರು, ಕೈ ನಿಧಾನ.

"ಏನಕ್ಕಾ, ಇವತ್ತೂ ಪಿಜ್ಜಾ ಬಂತಾ?" ಎಂದ. ಅವಳ ಫೋನಿನ ಕಥೆ ಬೀದಿಗೆಲ್ಲ ಗೊತ್ತು.

"ಬಂತು ಕಣೋ. ಎರಡು ಕೊಂಡ್ರೆ ಒಂದು ಬಿಟ್ಟಿಯಂತೆ. ಒಲೆ ಉರಿಯದ ಮನೆಗೆ ಅದೊಂದು ಕಡಿಮೆ ಆಗಿತ್ತು! ಇನ್ನೊಂದಿದೆ, ಒಹಾಯೊದಲ್ಲಿ ಹಿಮ ಬೀಳ್ತಿದೆ, ಹುಷಾರಾಗಿ ಗಾಡಿ ಓಡಿಸು ಅನ್ನತ್ತೆ. ಯಾವ ಗಾಡಿ? ನನ್ನ ಬೆನ್ನಲ್ಲಿ ಬೆವರು ಕಾಲುವೆ ಹರೀತಿದೆ, ಇದಕ್ಕೆ ಹಿಮದ ಚಿಂತೆ. ಎಲ್ಲಾ ಕಿತ್ತುಹಾಕು ಮಾರಾಯಾ. ಒಂದೂ ಉಳೀಬಾರದು."

ನಿವಾಲ್ದೊ ಫೋನನ್ನು ಆಚೆ ಈಚೆ ತಿರುಗಿಸಿದ. "ಎರಡು ದಾರಿ ಇದೆ. ಒಂದು, ಕೇಬಲ್ ಹಾಕಿ ಇವನ್ನ ಮಲಗಿಸ್ತೀನಿ. ಸಾಯಲ್ಲ, ಮಲಗಿರ್ತವೆ. ಒಂದೆರಡು ಮೊಂಡು ಮುಂಡೇವು ಮಲಗೋದೂ ಇಲ್ಲ. ಯಾವತ್ತಾದ್ರೂ ಫೋನು ಮೊದಲಿನ ಸ್ಥಿತಿಗೆ ಬಂದ್ರೆ ಎಲ್ಲಾ ಎದ್ದು ಕೂರ್ತವೆ."

"ಇನ್ನೊಂದು?"

"ರೂಟ್ ಮಾಡೋದು. ಈಗ ನೀನು ಈ ಫೋನಲ್ಲಿ ಬಾಡಿಗೆಗಿರೋಳು. ಗೋಡೆಗೆ ಮೊಳೆ ಹೊಡೆಯೋಕೂ ಕಂಪನಿ ಒಪ್ಪಬೇಕು. ರೂಟ್ ಮಾಡಿದ್ರೆ ಮನೆ ನಿಂದೇ, ಗೋಡೆ ಬೇಕಾದ್ರೂ ಒಡಿ. ಆದ್ರೆ ಬೀಗ ನಾವೇ ಒಡೆದಿರ್ತೀವಲ್ಲ, ಕಳ್ಳ ಬಂದ್ರೆ ಕೇಳೋರಿಲ್ಲ. ಒಳಗಿರೋದೆಲ್ಲ ಮೊದಲು ಅಳಿಸಿಹೋಗತ್ತೆ. ಮತ್ತೆ ಬ್ಯಾಂಕಿಂದು, ಸರ್ಕಾರದ್ದು, ಅಂಥವು ಇಂಥ ಫೋನು ಕಂಡ್ರೆ ಮುಖ ತಿರುಗಿಸ್ತವೆ. ಕೆಲವಕ್ಕೆ ಕಣ್ಣಿಗೆ ಮಣ್ಣೆರಚಬಹುದು, ಕೆಲವಕ್ಕೆ ಆಗಲ್ಲ. ಯೋಚನೆ ಮಾಡು. ನಾಳೆ ಬಾ."

"ನಾಳೆ ಯಾಕೆ? ಅರ್ಧಂಬರ್ಧ ಕೆಲಸ ನನಗಾಗಲ್ಲ. ರೂಟ್ ಮಾಡು."

"ಹಾಗಾದ್ರೆ ಏನೇನು ವಾಪಸ್ ಬೇಕು, ಒಂದೊಂದೇ ಹೇಳು."

ಅವಳು ಬೆರಳು ಮಡಿಚಿ ಹೇಳಿದಳು: ಬ್ಯಾಂಕಿನದು, ವಾಟ್ಸಾಪು, ಫೋಟೋಗಳು, ಎವೆಲಿಯೊ ಕೇಳುವ ರೇಡಿಯೊ. ನಿವಾಲ್ದೊ ಚೀಟಿಯಲ್ಲಿ ಬರೆದುಕೊಂಡ. "ಸರ್ಕಾರದ್ದು ಬೇರೆ ಏನಾದ್ರೂ ಇದ್ಯಾ? ನೆನಪು ಮಾಡ್ಕೋ."

"ಇಲ್ಲಪ್ಪ," ಎಂದಳು ಇದಾಲ್ಮಿಸ್.

ಸುಳ್ಳು ಹೇಳಲಿಲ್ಲ ಅವಳು. ಸರದಿ ಎನ್ನುವುದು ಅವಳ ಪಾಲಿಗೆ ಫೋನಿನೊಳಗಿನ ಸಾಮಾನೇ ಆಗಿರಲಿಲ್ಲ. ಐವತ್ತು ವರ್ಷ ಸರದಿಯಲ್ಲಿ ನಿಂತವಳು. ಬ್ರೆಡ್ಡಿಗೆ, ಸೋಪಿಗೆ, ಶವಪೆಟ್ಟಿಗೆಗೆ ಕೂಡ. ಸರದಿ ಅಂದರೆ ಜನ. ಮುಂದೊಬ್ಬರು, ಹಿಂದೊಬ್ಬರು, ಅವರಿಬ್ಬರಿಗೂ ನಿಮ್ಮ ಮುಖ ಗೊತ್ತು, ಅಷ್ಟೇ. ಯಾವ ಫೋನು ಹಿಡಿದು ನಿಂತರೇನು, ಯಾವ ಚಪ್ಪಲಿ ಹಾಕಿಕೊಂಡು ನಿಂತರೇನು? ನಂಬರು ಗೋಡೆಯ ಮೇಲೆ ಭದ್ರವಾಗಿತ್ತು. ಅದನ್ನು ಯಾರು ಅಳಿಸುತ್ತಾರೆ?

ಮಾರನೇ ದಿನ ಫೋನು ಕೈಗೆ ಬಂದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಪಿಜ್ಜಾ ಇಲ್ಲ, ಹಿಮ ಇಲ್ಲ, ಗೊಂಬೆಗಳ ಆಟ ಇಲ್ಲ. ಒತ್ತಿದ್ದು ಒತ್ತಿದ ತಕ್ಷಣ ತೆರೆಯುತ್ತಿತ್ತು. ಹತ್ತು ದಿನವಾದರೂ ನೆಟ್ಟು ಮುಗಿಯಲಿಲ್ಲ. ಮಿಗ್ದಾಲಿಯಾಳ ಸಂದೇಶ ದಿನಾ ಎಂಟು ಗಂಟೆಗೆ ಸರಿಯಾಗಿ ಬಂದು ಬೀಳುತ್ತಿತ್ತು. ನಾಲ್ಕು ಸಾವಿರದ ಐವತ್ತು. ನಾಲ್ಕು ಸಾವಿರದ ನೂರ ಎಂಬತ್ತು. ಇದಾಲ್ಮಿಸ್ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಫೋನು ತೋರಿಸಿ, "ತೊಳೆಸಿಬಿಟ್ಟೆ, ನೀವೂ ತೊಳೆಸಿ" ಎಂದು ಉಪದೇಶ ಮಾಡಿದಳು. ಉಪದೇಶ ಮಾಡುವಾಗ ಅವಳಿಗೆ ಅವಸರ ಇರಲಿಲ್ಲ.

ಗುರುವಾರ ಬೆಳಿಗ್ಗೆ ಬಂತು: ಇಂದು 4,280ರಿಂದ 4,330.

"ಎವೆಲಿಯೊ! ಏಳು, ಏಳು! ಬಂತು!" ಎಂದು ಅವಳು ಕೂಗಿದ್ದಕ್ಕೆ ಎವೆಲಿಯೊ ಹೆದರಿ ಎದ್ದು ಕೂತ. ವಿಷಯ ತಿಳಿದ ಮೇಲೆ ಒಲೆ ಒರೆಸಲು ಹೋದ. ಅವಳು ಫೋನು ತೆಗೆದು 'ಬರುತ್ತೇನೆ' ಎಂದು ಒತ್ತಲು ನೋಡಿದರೆ ಎಲ್ಲಿ ಒತ್ತುವುದು? ಆ ಸಾಮಾನೇ ಇಲ್ಲ. ಎದುರು ಮನೆಯವಳನ್ನು ಕೇಳಿ ಅದರ ಹೆಸರು ತಿಳಿದುಕೊಂಡು ಮತ್ತೆ ಇಳಿಸಿಕೊಂಡಳು. ತೆರೆದರೆ ಕೆಂಪಕ್ಷರದಲ್ಲಿ ಎರಡೇ ಸಾಲು: ಈ ಫೋನು ಸುರಕ್ಷಿತವಲ್ಲ. ಸೇವೆ ದೊರೆಯುವುದಿಲ್ಲ.

ಸುರಕ್ಷಿತವಲ್ಲವಂತೆ! ಪಿಜ್ಜಾ ಮಾರುತ್ತಿದ್ದಾಗ ಸುರಕ್ಷಿತವಾಗಿತ್ತು, ಬಾಯಿ ಮುಚ್ಚಿಸಿದ ಮೇಲೆ ಅಲ್ಲವಂತೆ. ಬೈಯುವುದಕ್ಕೆ ಯಾರೂ ಸಿಗದೆ ಅವಳು ಫೋನನ್ನೇ ಬೈದಳು. ಆಮೇಲೆ ಮೆಟ್ಟಿಲು ಎರಡೆರಡಾಗಿ ಇಳಿದು ನಿವಾಲ್ದೊನ ಮನೆಗೆ ಓಡಿದಳು.

ನಿವಾಲ್ದೊ ಕೇಳಿಸಿಕೊಂಡು ತಲೆ ಮೇಲೆ ಕೈ ಇಟ್ಟುಕೊಂಡ. "ಸರ್ಕಾರದ್ದು ಇದ್ಯಾ ಅಂತ ಕೇಳಿದ್ನಲ್ಲಕ್ಕಾ!"

"ಗ್ಯಾಸು ಕಣೋ ಅದು. ಸರದಿ!"

"ಸರದಿ ಈಗ ಎಲ್ಲಿದೆ ಅಂತ ಅಂದ್ಕೊಂಡಿದ್ದೆ, ಬೀದೀಲಾ?"

"ಸಿಮ್ ತೆಗೆದು ಬೇರೆ ಫೋನಿಗೆ ಹಾಕು."

"ಸರದಿ ಅಂಟಿರೋದು ಈ ಫೋನಿಗೆ, ಸಿಮ್ಮಿಗಲ್ಲ. ಅದನ್ನ ಬೇರೆ ಫೋನಿಗೆ ಹಾಕ್ಬೇಕಾದ್ರೆ ಆಫೀಸಿಗೆ ಅರ್ಜಿ, ಮೂರು ದಿನ. ಸುಮ್ನಿರು, ನೋಡ್ತೀನಿ."

ಬ್ಯಾಂಕಿನ ಕಣ್ಣಿಗೆ ಎರಚಿದ ಮಣ್ಣನ್ನೇ ಇದರ ಕಣ್ಣಿಗೂ ಎರಚಿ ನೋಡಿದ. ಆಗಲಿಲ್ಲ. ಇನ್ನೊಂದು ಉಪಾಯ ಮಾಡಿದ, ಅದೂ ಆಗಲಿಲ್ಲ. ಇದಾಲ್ಮಿಸ್ ಹೊಸ್ತಿಲಿಂದ ಬೀದಿಗೆ, ಬೀದಿಯಿಂದ ಹೊಸ್ತಿಲಿಗೆ ತಿರುಗಿದಳು. ಅವನ ಹೆಂಡತಿ ತಂದುಕೊಟ್ಟ ಕಾಫಿಯನ್ನು ನಿಂತೇ ಕುಡಿದು ನಾಲಿಗೆ ಸುಟ್ಟುಕೊಂಡಳು. ಒಂದು ಗಂಟೆ ಹೊತ್ತಿಗೆ ನಿವಾಲ್ದೊ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಇನ್ನೊಂದೇ ದಾರಿ. ಕಂಪನಿಯ ಹಳೇ ಕಸ ಇದ್ದ ಹಾಗೇ ವಾಪಸ್ ತುಂಬಬೇಕು. ಪಿಜ್ಜಾ, ಹಿಮ, ಎಲ್ಲಾ. ಮತ್ತೆ ಬೀಗ ಹಾಕಿಬಿಟ್ರೆ ಸರದಿಯವರು ಒಪ್ತಾರೆ. ಕಸ ನನ್ನ ಹತ್ರ ಇದೆ, ತೆಗೆದಿಟ್ಟಿದ್ದೆ."

"ತುಂಬು! ಪಿಜ್ಜಾನೂ ತುಂಬು, ಒಹಾಯೊನೂ ತುಂಬು!"

"ಇಪ್ಪತ್ತೈದು ನಿಮಿಷ ಬೇಕು. ಮಧ್ಯದಲ್ಲಿ ಕರೆಂಟು ಹೋಗಬಾರದು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ಗೋಡೆಯ ಕರೆಂಟಲ್ಲೇ ಬದುಕಿರೋದು. ಪಕ್ಕದ ಮನೆ ಸೆಸಿಲಿಯೊ ತನ್ನ ಕರೆಂಟ್ ಸ್ಕೂಟರಲ್ಲಿ ಯಾರನ್ನೋ ಬಿಡೋಕೆ ಹೋಗಿದಾನೆ, ಅರ್ಧ ಗಂಟೇಲಿ ಬರ್ತಾನೆ. ಆ ಸ್ಕೂಟರಿನ ಬ್ಯಾಟರಿಗೆ ಸಿಕ್ಕಿಸಿಕೊಂಡ್ರೆ ಕರೆಂಟು ಹೋದ್ರೂ ಚಿಂತೆ ಇಲ್ಲ. ಅಲ್ಲೀವರೆಗೆ ಕೂತ್ಕೋ."

ಇದಾಲ್ಮಿಸ್ ಗಡಿಯಾರ ನೋಡಿದಳು. ಒಂದು ಗಂಟೆ ಐದು ನಿಮಿಷ. "ನಮ್ಮ ಕಡೆ ಕರೆಂಟು ತೆಗೆಯೋದು ಎರಡಕ್ಕೆ. ಪಟ್ಟೀಲಿ ಹಾಕಿದಾರೆ. ಇನ್ನೂ ಐವತ್ತೈದು ನಿಮಿಷ ಇದೆ, ನಿನಗೆ ಬೇಕಿರೋದು ಇಪ್ಪತ್ತೈದು. ಶುರು ಮಾಡು."

"ಪಟ್ಟಿ ನಂಬ್ತೀಯಾ? ನೀನು ಈ ಊರಲ್ಲೇ ಹುಟ್ಟಿದೋಳು ತಾನೇ?"

"ಸೆಸಿಲಿಯೊನ ಅರ್ಧ ಗಂಟೆ ನಂಬೋದಕ್ಕಿಂತ ಪಟ್ಟಿ ನಂಬೋದು ವಾಸಿ. ಅವನು ದಾರೀಲಿ ಯಾವಳ ಹತ್ರ ಹರಟೆ ಹೊಡೀತಾ ನಿಂತಿದಾನೋ! ಐದು ಗಂಟೆಗೆ ನನ್ನ ಸರದಿ ಹೋಗತ್ತೆ ನಿವಾಲ್ದೊ. ಎವೆಲಿಯೊನ ಎದೆ ಶಬ್ದ ನೀನು ಕೇಳಿಲ್ಲ."

"ಐದಕ್ಕೆ ಇನ್ನೂ ನಾಲ್ಕು ಗಂಟೆ ಇದೆ ತಾಯಿ. ಅರ್ಧ ಗಂಟೆ ಕೂತ್ರೆ ಏನು ಗಂಟು ಹೋಗತ್ತೆ?"

"ನನ್ನ ಕೈಲಾಗಲ್ಲ. ನಿನ್ನ ದಮ್ಮಯ್ಯ. ಶುರು ಮಾಡು."

ನಿವಾಲ್ದೊ ಅವಳ ಮುಖ ನೋಡಿದ, ಬಾಗಿಲಾಚೆ ಬೀದಿ ನೋಡಿದ. ಕೊನೆಗೆ ಕೇಬಲ್ಲು ಸಿಕ್ಕಿಸಿ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ನಾನು ಒತ್ತಲ್ಲ. ಒತ್ತೋದಾದ್ರೆ ನೀನೇ ಒತ್ತು."

ಅವಳು ಒತ್ತಿದಳು.

ಹಸಿರು ಗೆರೆ ತೆವಳತೊಡಗಿತು. ಹತ್ತು. ಇಪ್ಪತ್ತೆರಡು. ನಲವತ್ತು. ಇದಾಲ್ಮಿಸ್ ಉಸಿರು ಬಿಗಿಹಿಡಿದು ಅದನ್ನೇ ನೋಡಿದಳು. ಅವಳ ಬದುಕಿನಲ್ಲಿ ಒಂದು ಕಡೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲಿರಬೇಕು. ಅರವತ್ತು. ಎಪ್ಪತ್ತೊಂದು. ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಯಿಂದಲೂ, "ಹೋಯ್ತೂ!" ಎಂಬ ಕೂಗು ಎದ್ದಿತು.

ಗಂಟೆ ಒಂದು ಇಪ್ಪತ್ತೇಳು. ಒಂದು ಮೂವತ್ತೈದಕ್ಕೆ, ಅಂದರೆ ಹೇಳಿದ ಹೊತ್ತಿಗೆ ಸರಿಯಾಗಿ, ಸೆಸಿಲಿಯೊ ಸ್ಕೂಟರಿನಲ್ಲಿ ಸಿಳ್ಳೆ ಹಾಕುತ್ತಾ ಬಂದು ನಿಂತ. "ಯಾಕ್ರಪ್ಪಾ ಹೀಗೆ ಕೂತಿದೀರಿ, ಯಾರಾದ್ರೂ ಹೋದ್ರಾ?" ಎಂದ. ಸ್ಕೂಟರಿನ ಬ್ಯಾಟರಿಗೆ ಲ್ಯಾಪ್‌ಟಾಪು ಸಿಕ್ಕಿಸಿದ್ದಾಯಿತು, ಅದು ಎದ್ದಿತು. ಫೋನು ಏಳಲಿಲ್ಲ. ಯಾವ ಗುಂಡಿ ಎಷ್ಟು ಹೊತ್ತು ಒತ್ತಿದರೂ ಲ್ಯಾಪ್‌ಟಾಪಿಗೆ ಅದರ ಗುರುತೇ ಸಿಗಲಿಲ್ಲ.

"ಸತ್ತಿಲ್ಲ," ಎಂದ ನಿವಾಲ್ದೊ ಅರ್ಧ ಗಂಟೆಯಾದ ಮೇಲೆ. "ಬಿಚ್ಚಿ, ಒಳಗಡೆ ಎರಡು ಕಡೆ ಬೆಸುಗೆ ಹಾಕಿ ಎಬ್ಬಿಸ್ಬೇಕು. ಬೆಸುಗೆಗೆ ಈ ಬ್ಯಾಟರಿ ಸಾಲಲ್ಲ. ಕರೆಂಟು ಬಂದ ಮೇಲೆ ಮಾಡ್ತೀನಿ. ನಾಳೆ ಖಂಡಿತಾ ಎಬ್ಬಿಸ್ತೀನಕ್ಕಾ. ಇವತ್ತಾಗಲ್ಲ."

ನಾನೇ ಹೇಳಿದ್ದೆ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಜಗಳ ಆಡಲಾದರೂ ಒಬ್ಬ ಸಿಗುತ್ತಿದ್ದ.

ಗ್ಯಾಸ್ ಅಂಗಡಿ ಗುಡ್ಡದ ಬುಡದಲ್ಲಿ. ಜಾಲರಿಯ ಹಿಂದೆ ಸಿಲಿಂಡರುಗಳ ಸಾಲು, ಮುಂದೆ ಮಿಗ್ದಾಲಿಯಾ, ಅವಳ ಕೈಯಲ್ಲಿ, 'ಬರುತ್ತೇನೆ' ಎಂದು ಒತ್ತಿದವರ ಫೋನಿಗೆ ಬರುವ ಕೋಡು ಓದುವ ಯಂತ್ರ. ಇದಾಲ್ಮಿಸ್ ಗುರುತಿನ ಚೀಟಿ ಚಾಚಿದಳು.

"ಪಟ್ಟೀಲಿ ನಿನ್ನ ಹೆಸರಿದೆ ಬಂಗಾರ, ನೋಡು, ಇಲ್ಲೇ ಇದೆ," ಎಂದಳು ಮಿಗ್ದಾಲಿಯಾ. "ಕೋಡು ತೋರಿಸು."

"ಫೋನು ಕೆಟ್ಟಿದೆ. ಮಿಗ್ದಾಲಿಯಾ, ನಾನು ಕಣೇ! ನಿನ್ನ ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ಲಂಗ ಹೊಲಿದುಕೊಟ್ಟಿಲ್ವಾ?"

"ನನಗೆ ನೀನು ಗೊತ್ತು. ಇದಕ್ಕೆ ಗೊತ್ತಿಲ್ಲ," ಎಂದು ಮಿಗ್ದಾಲಿಯಾ ಯಂತ್ರ ಎತ್ತಿ ತೋರಿಸಿದಳು. ಅವಳ ಕಣ್ಣಿನಲ್ಲಿ ನೀರು ನಿಂತಿತ್ತು, ಅದರಿಂದ ಏನು ಪ್ರಯೋಜನ? "ಹೋದ ತಿಂಗಳು ಒಬ್ಬರಿಗೆ ಕೋಡಿಲ್ಲದೆ ಕೊಟ್ಟೆ ಅಂತ ನನ್ನ ಎರಡು ವಾರ ಮನೇಲಿ ಕೂರಿಸಿದ್ರು. ಆ ಕಡೆ ಹೋಗಿ ನಿಂತ್ಕೋ. ತಪ್ಪಿದವರ ಪಾಲಿಗೆ ಕೋಡು ಬೇಕಿಲ್ಲ, ಚೀಟಿ ಸಾಕು. ಬೇಗ ಹೋಗು."

ಗೋಡೆಯ ಪಕ್ಕ ಇನ್ನೊಂದು ಸಣ್ಣ ಸಾಲಿತ್ತು. ಕರೆದ ದಿನ ಬಾರದವರ ಸಿಲಿಂಡರು ಐದು ಗಂಟೆಯ ಮೇಲೆ ಇವರಿಗೆ. ಇನ್ನೂ ಸರದಿ ಬಾರದವರು, ಬಂದು ಕಳೆದುಕೊಂಡವರು, ಯಾರು ತಪ್ಪುತ್ತಾರೋ ಎಂದು ಬೆಳಗಿನಿಂದ ಅಲ್ಲಿ ಕಾಯುತ್ತಿದ್ದರು. ಇದಾಲ್ಮಿಸ್ ಅಲ್ಲಿಗೆ ಹೋಗಿ, "ಕೊನೆಯವರು ಯಾರು?" ಎಂದಳು.

"ನಾನು," ಎಂದ ನೀಲಿ ಟೋಪಿಯ ಗಂಡಸು. ಅವನು ನಾಲ್ಕನೆಯವನು. ಅವಳು ಐದನೆಯವಳು.

ಐದು ಗಂಟೆಯವರೆಗೆ ಅವಳು ಜಾಲರಿಯ ಕಡೆ ನೋಡುತ್ತಾ ನಿಂತಳು. ಒಬ್ಬೊಬ್ಬರು ಬಂದು ಕೋಡು ತೋರಿಸಿ ಸಿಲಿಂಡರು ಒಯ್ದಂತೆ ಬೇಡವೆಂದರೂ ಮನಸ್ಸು ಶಾಪ ಹಾಕುತ್ತಿತ್ತು: ಇವನು ಬಾರದೆ ಹೋಗಬಾರದಿತ್ತೇ, ಇವಳ ಫೋನು ಕೆಡಬಾರದಿತ್ತೇ. ಐದಾಯಿತು. ಮಿಗ್ದಾಲಿಯಾ ಪಟ್ಟಿ ಹಿಡಿದು, ರೂಢಿಯಂತೆ, ಬಾರದವರ ಹೆಸರನ್ನು ಒಂದೊಂದು ಸಲ ಕೂಗಿ ಗೆರೆ ಎಳೆದಳು. ಮೂರು ಹೆಸರು ಕೂಗಿದಳು. ನಾಲ್ಕನೆಯದನ್ನು ಕೂಗಲಿಲ್ಲ, ಸುಮ್ಮನೆ ಗೆರೆ ಎಳೆದಳು. "ನಾಲ್ಕು," ಎಂದಳು ತಲೆ ಎತ್ತದೆ.

ಮೊದಲ ಮೂವರು ತಮ್ಮ ತಮ್ಮದು ಹೊತ್ತುಕೊಂಡು ಹೋದರು. ನೀಲಿ ಟೋಪಿಯವನು ನಾಲ್ಕನೆಯದನ್ನು ಹೆಗಲಿಗೆ ಏರಿಸಿಕೊಂಡು, ಹಿಂದೆ ಒಬ್ಬಳೇ ಉಳಿದ ಹೆಂಗಸಿನ ಕಡೆ ತಿರುಗಿದ. ಒಳ್ಳೆಯ ಮನುಷ್ಯ, ಸುಮ್ಮನೆ ಹೋಗಲು ಮನಸ್ಸು ಬರಲಿಲ್ಲ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಇವತ್ತು ಯಾರೋ ಪುಣ್ಯಾತ್ಮರು ನನಗೋಸ್ಕರ ತಪ್ಪಿಸಿಕೊಂಡ್ರು. ನಾಳೆ ನಿಮಗೋಸ್ಕರ ಯಾರಾದ್ರೂ ತಪ್ಪಿಸಿಕೊಳ್ತಾರೆ."

"ಅದು ನಂದು," ಎಂದಳು ಇದಾಲ್ಮಿಸ್.

"ಏನಂದ್ರಿ?"

"ಕೂಗದೆ ಗೆರೆ ಎಳೆದ್ರಲ್ಲ, ಆ ಹೆಸರು ನಂದು. ಆ ಸಿಲಿಂಡರು ನಂದು."

ಅವನ ನಗು ಹಾಗೇ ನಿಂತಿತು. ಮಿಗ್ದಾಲಿಯಾಳ ಕಡೆ ನೋಡಿದ. ಅವಳು ಜಾಲರಿಗೆ ಬೀಗ ಹಾಕುವುದರಲ್ಲಿದ್ದಳು. "ನನ್ನ ಮಗಳು ಹೆತ್ತು ಎಂಟು ದಿನ," ಎಂದ ಅವನು ಕೊನೆಗೆ. "ಮಗೂಗೆ ನೀರು ಕಾಯಿಸೋಕೆ ಹಳೇ ಬಾಗಿಲು ಸೀಳಿ ಉರಿಸ್ತಿದೀವಿ." ಇಷ್ಟು ಹೇಳಿದ, ಆದರೆ ಸಿಲಿಂಡರು ಕೆಳಗಿಡಲಿಲ್ಲ. ಅವನ ಜಾಗದಲ್ಲಿದ್ದರೆ ಅವಳೂ ಇಡುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. "ಹೋಗಿ," ಎಂದಳು. ಅವನು ಬೇಗ ಬೇಗ ಹೋದ, ಒಂದು ಸಲವೂ ತಿರುಗಿ ನೋಡದೆ.

ಮನೆಯಲ್ಲಿ ಎವೆಲಿಯೊ ಒಲೆ ತಿಕ್ಕಿ ಕನ್ನಡಿ ಮಾಡಿದ್ದ. ಅವಳ ಖಾಲಿ ಕೈ ನೋಡಿದ, ಅವಳೇ ಹೇಳಿದಳು. ಗ್ಯಾಸ್ ಬಂದಿತ್ತು, ನಾನೇ ಕಳೆದೆ. ನಿವಾಲ್ದೊ ಕಾಯಿ ಅಂದ, ಅರ್ಧ ಗಂಟೆ ಕಾಯಿ ಅಂದ, ನಾನು ಕಾಯಲಿಲ್ಲ. ಹೇಳುತ್ತಾ ಹೇಳುತ್ತಾ ಅಳತೊಡಗಿದಳು.

"ಈಗ ಹೊಸಾ ನಂಬರು ತಗೊಂಡ್ರೆ ಎಷ್ಟಾಗತ್ತೆ?" ಎಂದು ಕೇಳಿದ ಎವೆಲಿಯೊ.

"ಒಂಬತ್ತು ಸಾವಿರ ದಾಟತ್ತೆ."

ಅವನು ಮನಸ್ಸಿನಲ್ಲೇ ಕಳೆದು ಭಾಗಿಸಿದ. "ಜೂನ್ ಕೊನೆ ಅನ್ನು," ಎಂದ. ಅಂಗಳದ ಮೂಲೆಗೆ ಹೋಗಿ ಇದ್ದಿಲಿನ ಚೀಲ ಎಳೆದು ಅವಳ ಹತ್ತಿರ ತಂದಿಟ್ಟ. ಅಷ್ಟಕ್ಕೇ ಅವನಿಗೆ ಏದುಸಿರು ಬಂದಿತ್ತು. ಬೀದಿಗೆ ಹೊರಡಲು ಕುರ್ಚಿ ಎತ್ತಿಕೊಂಡವನು ಬಾಗಿಲಲ್ಲಿ ನಿಂತು, ಅವಳನ್ನು ನಗಿಸಲೆಂದೇ, "ಅಳಬೇಡ್ವೇ. ಜೂನ್ ತನಕ ಹೇಗೋ ಇರ್ತೀನಿ ಬಿಡು," ಎಂದ.

ಅವಳು ಇದ್ದಿಲಿನ ಚೀಲದ ಪಕ್ಕ ನಿಂತೇ ಇದ್ದಳು. ಅದಕ್ಕೆ ಕೈ ಹಾಕಲು ಅವಳಿಂದ ಆಗಲಿಲ್ಲ.